ಶಾಸನಕಾರನೂ ಅವನ ವಾಚಕರೂ: ಅಶೋಕನ ಲಿಪಿಗಳಿಂದ ತಿಳಿಯುವ ಒಂದು ವಿವೇಕ

ಬರೆಯುವವನು ತನ್ನ ಮಾತನ್ನು ಓದುವವರಿಗೆ ಒಪ್ಪುವಂತೆ ರೂಪಿಸಬೇಕೆ, ಇಲ್ಲವೆ ವಾಚಕರು ಯಾರೇ ಆಗಿರಲಿ, ಹೇಳಬೇಕಾದುದನ್ನು ಒಂದೇ ಬಗೆಯಾಗಿ ಹೇಳಬೇಕೆ ಎಂಬುದು ಹಳೆಯ ಪ್ರಶ್ನೆ. ನಮ್ಮ ಆಲಂಕಾರಿಕರು ಇದನ್ನು ಔಚಿತ್ಯವೆಂಬ ಹೆಸರಿನಿಂದ ಚರ್ಚಿಸಿದರು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಅದನ್ನು ಕಾವ್ಯದ ಜೀವಿತವೆಂದೇ ಗಣಿಸಿದನು. ಆದರೆ ಕಾವ್ಯಕ್ಕೆ ಸಂಬಂಧಿಸಿದಂತೆ ಈ ಪ್ರಶ್ನೆಯನ್ನು ಬಿಡಿಸುವುದು ಸುಲಭ. ಲೋಕವ್ಯವಹಾರದ ಬರಹಕ್ಕೆ ಸಂಬಂಧಿಸಿದಂತೆ ಅಷ್ಟು ಸುಲಭವಲ್ಲ. ಕವಿಯ ಅನೌಚಿತ್ಯದಿಂದ ರಸಭಂಗವಾಗುತ್ತದೆ. ರಾಜಾಜ್ಞೆಯನ್ನೋ ದಾನಪತ್ರವನ್ನೋ ಚರಿತ್ರೆಯನ್ನೋ ಬರೆಯುವವನು ವಾಚಕನಿಗೆ ತಕ್ಕಂತೆ ಮಾತನ್ನು ತಿದ್ದಿದಾಗ ಅದರಿಂದ ಒಬ್ಬನಿಗೆ ಉಪಕಾರವೂ ಆಗಬಹುದು, ಮತ್ತೊಬ್ಬನಿಗೆ ಅನ್ಯಾಯವೂ ಆಗಬಹುದು.

ಈ ಪ್ರಶ್ನೆಯನ್ನು ಇತಿಹಾಸದ ಸಾಮಗ್ರಿಯಿಂದ ಪರೀಕ್ಷಿಸಬೇಕಾದರೆ ಒಬ್ಬನೇ ಬರಹಗಾರನು ಒಂದೇ ವಿಷಯವನ್ನು ಬೇರೆಬೇರೆ ಜನರಿಗಾಗಿ ಬರೆದಿರಬೇಕು, ಆ ಬರಹಗಳೆಲ್ಲವೂ ಅವನ ಕಾಲದ ರೂಪದಲ್ಲಿಯೇ ಉಳಿದಿರಬೇಕು. ಇಂತಹ ಸಾಮಗ್ರಿ ಪ್ರಾಚೀನ ಜಗತ್ತಿನಲ್ಲಿ ವಿರಳ. ಕ್ರಿ. ಪೂ. ಸುಮಾರು ೨೬೮ರಿಂದ ೨೩೨ರ ವರೆಗೆ ಆಳಿದ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು ಆ ವಿರಳ ಸಾಮಗ್ರಿಗೆ ಸೇರಿದವು. ಅವು ಕಂದಹಾರದಿಂದ ಒಡಿಶಾದ ವರೆಗೆ, ಹಿಮಾಲಯದ ತಪ್ಪಲಿನಿಂದ ನಮ್ಮ ಚಿತ್ರದುರ್ಗದ ಬೆಟ್ಟಗಳ ವರೆಗೆ ಹರಡಿವೆ. ಕಲ್ಲಿನಲ್ಲಿ ಕೆತ್ತಿದುದರಿಂದ ಮುಂದಿನ ಲಿಪಿಕಾರರು ಅವುಗಳನ್ನು ತಿದ್ದಿಲ್ಲ. ಒಂದೆಡೆ ಇದ್ದುದು ಇನ್ನೊಂದೆಡೆ ಇಲ್ಲವೆಂದಾದರೆ ಅದಕ್ಕೆ ಕಾರಣವನ್ನು ಆ ಕಾಲದಲ್ಲಿಯೇ ಹುಡುಕಬೇಕಾಗುತ್ತದೆ.

೧

ಅಶೋಕನು ತನ್ನ ಬರಹದ ರೀತಿಯ ವಿಷಯದಲ್ಲಿ ತಾನೇ ಒಂದು ವಿವರಣೆಯನ್ನು ಕೊಟ್ಟಿದ್ದಾನೆಂಬುದು ಮೊದಲು ಗಮನಿಸತಕ್ಕ ಸಂಗತಿ. ಹದಿನಾಲ್ಕು ಬಂಡೆ ಶಾಸನಗಳ ಮಾಲೆಯಲ್ಲಿ ಕೊನೆಯದು ಧರ್ಮೋಪದೇಶವಲ್ಲ. ಅದು ಆ ಮಾಲೆಗೆ ಬರೆದ ಉಪಸಂಹಾರದಂತಿದೆ. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮ ಪ್ರಮಾಣದಲ್ಲಿ, ಕೆಲವೆಡೆ ವಿಸ್ತಾರವಾಗಿ ಇವೆಯೆಂದೂ ರಾಜ್ಯವು ವಿಶಾಲವಾದುದರಿಂದ ಎಲ್ಲವೂ ಎಲ್ಲೆಡೆಗೂ ಹೊಂದುವುದಿಲ್ಲವೆಂದೂ ಅರಸನು ಅಲ್ಲಿ ತಿಳಿಸುತ್ತಾನೆ. ಅರ್ಥದ ಮಾಧುರ್ಯಕ್ಕಾಗಿ, ಜನರು ಅದರಂತೆ ನಡೆಯಲಿ ಎಂಬುದಕ್ಕಾಗಿ, ಕೆಲವನ್ನು ಮರಳಿ ಮರಳಿ ಹೇಳಿದೆಯೆನ್ನುತ್ತಾನೆ. ಕೆಲವು ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳದ ವಿಚಾರವೋ ಬೇರೊಂದು ಕಾರಣವೋ ಲಿಪಿಕಾರನ ದೋಷವೋ ನಿಮಿತ್ತವೆಂದು ಹೇಳಿ ಮುಗಿಸುತ್ತಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅರಸನೊಬ್ಬನು ತನ್ನ ಬರಹವು ಸ್ಥಳಕ್ಕೂ ಜನಕ್ಕೂ ತಕ್ಕಂತೆ ಬದಲಾಗಿದೆಯೆಂದು ಮುಚ್ಚುಮರೆಯಿಲ್ಲದೆ ಸಾರಿದುದು ಸಾಮಾನ್ಯ ಸಂಗತಿಯಲ್ಲ.

ಭಾಷೆ ಮತ್ತು ಲಿಪಿಗಳಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ವಾಯವ್ಯದ ಶಾಹಬಾಜಗಢಿ ಮತ್ತು ಮಾನಸೇಹ್ರಾಗಳಲ್ಲಿ ಆ ಪ್ರಾಂತದ ರೂಢಿಯ ಖರೋಷ್ಠೀ ಲಿಪಿ ಇದೆ; ಉಳಿದ ಪ್ರಾಕೃತ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ೧೯೫೮ರಲ್ಲಿ ಕಂದಹಾರದ ಬಳಿ ದೊರೆತ ಶಾಸನದಲ್ಲಿ ಪ್ರಾಕೃತದ ಬದಲು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳು ಒಂದರ ಕೆಳಗೊಂದು ಇವೆ. ‘ಧಮ್ಮ’ವೆಂಬ ಶಬ್ದವನ್ನು ಅಲ್ಲಿ ಹಾಗೆಯೇ ಇಟ್ಟಿಲ್ಲ. ಗ್ರೀಕ್ ಭಾಗದಲ್ಲಿ ಭಕ್ತಿ ಎಂಬರ್ಥದ ‘ಯೂಸೆಬೆಯಾ’ ಎಂಬ ಶಬ್ದವೂ ಅರಮಾಯಿಕ್ ಭಾಗದಲ್ಲಿ ಸತ್ಯವೆಂಬರ್ಥದ ಶಬ್ದವೂ ಅದರ ಸ್ಥಾನದಲ್ಲಿ ಬಂದಿವೆ. ಅನುವಾದಕನು ಶಬ್ದವನ್ನು ಸಾಗಿಸುವ ಬದಲು, ಆ ಜನರ ಮನಸ್ಸಿನಲ್ಲಿ ಮೊದಲೇ ಗೌರವ ಪಡೆದಿದ್ದ ಒಂದು ಭಾವನೆಯನ್ನು ಹುಡುಕಿಕೊಂಡಿದ್ದಾನೆ.

ಆದರೆ ಈ ಉಪಕಾರ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲವೆಂಬುದನ್ನು ಕನ್ನಡ ನಾಡಿನ ಸಾಕ್ಷ್ಯದಿಂದ ಹೇಳಬೇಕಾಗಿದೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಶಾಸನಗಳಾಗಲಿ, ೧೯೧೫ರಲ್ಲಿ ಕಂಡುಬಂದ ಮಸ್ಕಿಯ ಶಾಸನವಾಗಲಿ, ಪ್ರಾಕೃತದಲ್ಲಿವೆ. ಇಲ್ಲಿನ ಜನರ ನುಡಿಯಲ್ಲಿಲ್ಲ. ಬರವಣಿಗೆಯ ರೂಢಿಯಿದ್ದ ಗ್ರೀಕರಿಗೆ ಅವರ ಭಾಷೆಯಲ್ಲಿ ಬರೆದವನು ಇಲ್ಲಿಯವರಿಗೆ ಅಧಿಕಾರಿಗಳ ಭಾಷೆಯಲ್ಲಿ ಬರೆದನು. ಆದುದರಿಂದ ಈ ಬಂಡೆಯ ಮಾತು ಜನರಿಗೆ ತಲುಪಬೇಕಾದರೆ ನಡುವೆ ಒಬ್ಬನು ನಿಂತು ಓದಿ ತಿಳಿಸಬೇಕಾಗಿತ್ತು. ಬ್ರಹ್ಮಗಿರಿಯ ಶಾಸನದ ಮೊದಲ ಮಾತೇ ಇದಕ್ಕೆ ನಿದರ್ಶನ: ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಆಜ್ಞೆಯನ್ನು ಕಳುಹಿಸುತ್ತಾರೆ. ಮೇಲಧಿಕಾರಿಯಿಂದ ಬಂದ ಓಲೆಯ ಒಕ್ಕಣೆಯೇ ಬಂಡೆಯ ಮೇಲೂ ಉಳಿದಿದೆ. ಸಮೀಪದ ಎರ್ರಗುಡಿಯ ಶಾಸನವಂತೂ ಜನಪದರಿಗೆ ಭೇರಿಯ ಮೂಲಕ ಸಾರಬೇಕೆಂದು ವಿಧಿಸುತ್ತದೆ.

ಈ ಮೂರು ಚಿತ್ರದುರ್ಗದ ಶಾಸನಗಳಲ್ಲಿಯೇ ಇದಕ್ಕೆ ವಿರುದ್ಧವಾದ ಒಂದು ಸಣ್ಣ ಉದಾಹರಣೆಯೂ ಇದೆ. ಅವುಗಳನ್ನು ಬರೆದ ಚಪಡನೆಂಬವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ರೂಢಿಯಲ್ಲಿದ್ದುದು ದೂರದ ವಾಯವ್ಯದಲ್ಲಿ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಜನರಿದ್ದಿರಬಹುದು? ಆ ಒಂದು ಪದವನ್ನು ಅವನು ವಾಚಕರಿಗಾಗಿ ಬರೆಯಲಿಲ್ಲ, ತನಗಾಗಿ ಬರೆದುಕೊಂಡನೆನ್ನಬೇಕು. ತನ್ನ ವಿದ್ಯೆಯ ಗುರುತನ್ನು ಒಂದು ಪದದಷ್ಟು ಉಳಿಸಿಹೋಗುವ ಹಕ್ಕು ಬರಹಗಾರನಿಗೆ ಇದ್ದೀತು. ಬರಹವೆಲ್ಲವೂ ಹಾಗಾದರೆ ಮಾತ್ರ ಅದು ಬಂಡೆಯ ಮೇಲಿನ ಗೀಚು.

೨

ಭಾಷೆಗಿಂತ ಸೂಕ್ಷ್ಮವಾದುದು ಧ್ವನಿಯ ಮತ್ತು ವಸ್ತುವಿನ ಆಯ್ಕೆ. ರಾಜಸ್ಥಾನದ ಬೈರಾಟದಲ್ಲಿ ೧೮೪೦ರಲ್ಲಿ ದೊರೆತು ಈಗ ಕೋಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿರುವ ಶಾಸನವನ್ನು ಅಶೋಕನು ಬೌದ್ಧ ಸಂಘವನ್ನು ಉದ್ದೇಶಿಸಿ ಬರೆಸಿದನು. ಅಲ್ಲಿ ಅವನು ತನ್ನನ್ನು ಮಗಧದ ರಾಜನೆಂದಷ್ಟೇ ಕರೆದುಕೊಂಡು ಸಂಘಕ್ಕೆ ನಮಸ್ಕರಿಸುತ್ತಾನೆ, ಕುಶಲವನ್ನು ಕೇಳುತ್ತಾನೆ, ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಶ್ರದ್ಧೆಯನ್ನು ಹೇಳಿಕೊಳ್ಳುತ್ತಾನೆ, ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳತಕ್ಕ ಏಳು ಧರ್ಮಪಾಠಗಳನ್ನು ಹೆಸರಿಸಿ ವಿನಯದಿಂದ ಸೂಚಿಸುತ್ತಾನೆ. ಸಾಮಾನ್ಯ ಪ್ರಜೆಗಳಿಗಾಗಿ ಹೊರಡಿಸಿದ ಹದಿನಾಲ್ಕು ಶಾಸನಗಳಲ್ಲಿ ಈ ಭಾಷೆಯಿಲ್ಲ. ಅಲ್ಲಿ ನಿರ್ವಾಣದ ಪ್ರಸ್ತಾಪವಿಲ್ಲ, ನಾಲ್ಕು ಆರ್ಯಸತ್ಯಗಳ ಪ್ರಸ್ತಾಪವಿಲ್ಲ. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಬ್ರಾಹ್ಮಣರಿಗೂ ಶ್ರಮಣರಿಗೂ ದಾನ, ಆಳುಕಾಳುಗಳಲ್ಲಿ ಸರಿಯಾದ ನಡತೆ ಇವೇ ಅಲ್ಲಿನ ವಸ್ತು. ಹನ್ನೆರಡನೆಯ ಶಾಸನವು ಸ್ವಮತಪ್ರಶಂಸೆಯನ್ನೂ ಪರಮತನಿಂದೆಯನ್ನೂ ನಿಗ್ರಹಿಸಬೇಕೆಂದು ಎಲ್ಲ ಪಂಥದವರಿಗೂ ಹೇಳುತ್ತದೆ.

ಇದನ್ನು ಕಪಟವೆನ್ನಬಹುದೆ? ಎನ್ನಲಾಗದು. ಸಂಘಕ್ಕೆ ಬರೆದುದು ಪ್ರಜೆಗಳ ಕೈಗೆ ಸಿಕ್ಕಿದ್ದರೆ ಅಥವಾ ಪ್ರಜೆಗಳಿಗೆ ಬರೆದುದನ್ನು ಭಿಕ್ಷುಗಳು ಓದಿದ್ದರೆ, ಯಾರೂ ತಾವು ಮೋಸಹೋದೆವೆಂದು ಹೇಳುವಂತಿರಲಿಲ್ಲ. ತಾನು ಉಪಾಸಕನಾದುದನ್ನು ಅರಸನು ಕಿರುಬಂಡೆ ಶಾಸನಗಳಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಿಯೇ ಇದ್ದಾನೆ. ತನ್ನ ಶ್ರದ್ಧೆಯನ್ನು ಅವನು ಮರೆಮಾಡಲಿಲ್ಲ. ಅದನ್ನು ಇತರರ ಮೇಲೆ ಹೇರಲಿಲ್ಲ, ಅಷ್ಟೆ. ಸಾರನಾಥದ ಸ್ತಂಭಶಾಸನದಲ್ಲಿ ಈ ವಿವೇಕವು ಇನ್ನೂ ಸ್ಪಷ್ಟವಾಗಿದೆ. ಸಂಘವನ್ನು ಒಡೆಯುವವರ ಮೇಲೆ ಕ್ರಮ ಕೈಕೊಳ್ಳುವ ಆ ಆಜ್ಞೆಯ ಒಂದು ಪ್ರತಿಯನ್ನು ಅಧಿಕಾರಿಗಳು ತಮ್ಮ ಬಳಿ ಇಟ್ಟುಕೊಂಡು, ಇನ್ನೊಂದನ್ನು ಉಪಾಸಕರ ಬಳಿ ಇರಿಸಬೇಕೆಂದು ಅರಸನು ವಿಧಿಸುತ್ತಾನೆ. ಉಪಾಸಕರು ಪ್ರತಿಯೊಂದು ಉಪವಸಥದಂದು ಬಂದು ಅದನ್ನು ಮನನ ಮಾಡಿಕೊಳ್ಳಬೇಕು. ಅಧಿಕಾರಿಗೆ ಕೊಟ್ಟ ಮಾತೇ ಗೃಹಸ್ಥನ ಕೈಯಲ್ಲಿಯೂ ಇದ್ದರೆ ಅಧಿಕಾರಿಯು ಅದನ್ನು ತನಗೆ ಬೇಕಾದಂತೆ ತಿರುಚಲಾರನು.

೩

ಇಲ್ಲಿಯವರೆಗೆ ನೋಡಿದುದರಿಂದ ಓದುಗನನ್ನು ಅರಿತು ಬರೆಯುವುದು ಗುಣವೆಂದೇ ತೋರುತ್ತದೆ. ಆದರೆ ಕಳಿಂಗದ ಸಂಗತಿಯು ಈ ತೀರ್ಮಾನವನ್ನು ತಡೆದು ನಿಲ್ಲಿಸುತ್ತದೆ.

ಅಶೋಕನು ಪಟ್ಟಾಭಿಷಿಕ್ತನಾದ ಎಂಟು ವರ್ಷಗಳ ಅನಂತರ ಕಳಿಂಗವನ್ನು ಜಯಿಸಿದನು. ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಸಾಗಿಸಲಾಯಿತು, ಒಂದು ಲಕ್ಷ ಜನರು ಹತರಾದರು, ಅದಕ್ಕೂ ಹೆಚ್ಚಾಗಿ ಜನರು ಬೇರೆ ರೀತಿಯಲ್ಲಿ ಮಡಿದರು ಎಂದು ಹದಿಮೂರನೆಯ ಶಾಸನವು ಹೇಳುತ್ತದೆ. ತನ್ನ ಜಯದ ಲೆಕ್ಕವನ್ನು ಪಶ್ಚಾತ್ತಾಪದ ಲೆಕ್ಕವಾಗಿ ಬರೆಸಿದ ಈ ಶಾಸನವು ಜಗತ್ತಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅದು ಗಿರನಾರದಲ್ಲಿದೆ, ಕಾಲಸಿಯಲ್ಲಿದೆ, ಶಾಹಬಾಜಗಢಿ ಮತ್ತು ಮಾನಸೇಹ್ರಾಗಳಲ್ಲಿದೆ, ಎರ್ರಗುಡಿಯಲ್ಲಿದೆ. ೧೯೬೩ರಲ್ಲಿ ಕಂದಹಾರದಲ್ಲಿ ದೊರೆತ ಮತ್ತೊಂದು ಗ್ರೀಕ್ ಶಿಲೆಯಲ್ಲಿಯೂ ಅದರ ಆರಂಭಭಾಗವು ಉಳಿದಿದೆ. ಆದರೆ ಯಾವ ನೆಲದಲ್ಲಿ ಆ ಜನರು ಸತ್ತರೋ ಆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಅದು ಇಲ್ಲ. ಅಲ್ಲಿ ಮೊದಲ ಹತ್ತು ಶಾಸನಗಳೂ ಹದಿನಾಲ್ಕನೆಯದೂ ಇವೆ. ಹನ್ನೊಂದು, ಹನ್ನೆರಡು, ಹದಿಮೂರನೆಯವುಗಳನ್ನು ಬಿಟ್ಟು, ಅವುಗಳಿಗೆ ಬದಲಾಗಿ ಎರಡು ಪ್ರತ್ಯೇಕ ಶಾಸನಗಳನ್ನು ಕೆತ್ತಿಸಲಾಗಿದೆ. ಕಳಿಂಗದ ಸಾವಿನ ಲೆಕ್ಕವನ್ನು ಕಂದಹಾರದ ಗ್ರೀಕನು ಓದಬಹುದಾಗಿತ್ತು. ಕಳಿಂಗದವನು ತನ್ನ ನಾಡಿನ ಬಂಡೆಯ ಮೇಲೆ ಓದುವಂತಿರಲಿಲ್ಲ.

ಈ ಬದಲಿ ಶಾಸನಗಳು ಹುರುಳಿಲ್ಲದವುಗಳಲ್ಲ. ಮೊದಲನೆಯದು ತೋಸಲಿ ಮತ್ತು ಸಮಾಪಾ ನಗರಗಳ ನ್ಯಾಯಾಧಿಕಾರಿಗಳಾದ ಮಹಾಮಾತ್ರರಿಗೆ ಕೊಟ್ಟ ಆಜ್ಞೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಸಾರಿ, ನಿಷ್ಕಾರಣವಾಗಿ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅರಸನು ಎಚ್ಚರಿಸುತ್ತಾನೆ. ಅಸೂಯೆ, ಕ್ರೋಧ, ಆತುರ, ಆಲಸ್ಯಗಳು ಅಧಿಕಾರಿಯ ದೋಷಗಳೆಂದು ಎಣಿಸುತ್ತಾನೆ. ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು. ನಡುವೆ ಅವಕಾಶ ದೊರೆತಾಗ ಒಬ್ಬನೇ ಒಬ್ಬನಿದ್ದರೂ ಅವನಿಗೆ ಕೇಳಿಸಬೇಕು. ಎರಡನೆಯ ಶಾಸನವು ಗಡಿಯಾಚೆಯ ಜನರು ಅರಸನಿಗೆ ಅಂಜಬಾರದು, ಕ್ಷಮಿಸಬಹುದಾದುದನ್ನು ಅವನು ಕ್ಷಮಿಸುವನು ಎಂಬ ಭರವಸೆಯನ್ನು ಅವರಲ್ಲಿ ಹುಟ್ಟಿಸಬೇಕೆನ್ನುತ್ತದೆ.

ಹದಿಮೂರನೆಯ ಶಾಸನವನ್ನು ಇಲ್ಲಿ ಬಿಟ್ಟುದೇಕೆ? ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಉತ್ತರ ಇದು: ಸತ್ತವರ ಬಂಧುಗಳ ಮುಂದೆ ಸಾವಿನ ಸಂಖ್ಯೆಯನ್ನು ಓದಿ ಹೇಳಿದರೆ ಗಾಯವು ಮತ್ತೆ ಕೆದರುವುದು, ಅದರ ಬದಲು ಅಧಿಕಾರಿಗಳ ದೌರ್ಜನ್ಯದಿಂದ ಅವರನ್ನು ರಕ್ಷಿಸುವ ಆಜ್ಞೆಯು ಅವರಿಗೆ ಹೆಚ್ಚು ಹಿತಕರ. ಈ ವಾದದಲ್ಲಿ ತಥ್ಯವಿದೆ. ಅದೇ ಶಾಸನದಲ್ಲಿ ಅಡವಿಯ ಜನರಿಗೆ ಹೇಳಿದ ಒಂದು ಮಾತಿದೆ: ಅರಸನು ಪಶ್ಚಾತ್ತಾಪಪಟ್ಟಿದ್ದರೂ ದಂಡಿಸುವ ಶಕ್ತಿ ಅವನಿಗೆ ಇದೆಯೆಂಬ ಎಚ್ಚರಿಕೆ. ಸೋತು ಬಳಲಿದ ನಾಡಿನಲ್ಲಿ ಅದನ್ನು ಕೆತ್ತಿಸದಿದ್ದುದು ಲೇಸೇ ಆಯಿತು. ಕ್ಷಮಿಸಬಹುದಾದುದನ್ನು ಕ್ಷಮಿಸಬೇಕೆಂಬ ತತ್ತ್ವವು ಹದಿಮೂರನೆಯ ಶಾಸನದಲ್ಲಿಯೂ ಇದೆ, ಎರಡನೆಯ ಪ್ರತ್ಯೇಕ ಶಾಸನದಲ್ಲಿಯೂ ಇದೆ. ಮಾತಿನ ಬಿರುಸು ಬದಲಾಗಿದ್ದರೂ ನೀತಿಯ ತಿರುಳು ಬದಲಾಗಲಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯು ಈ ಚರ್ಚೆಗೆ ಹೊಸ ಸಾಮಗ್ರಿಯನ್ನು ಒದಗಿಸಿದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೊಂದು ೧೯೮೯ರಲ್ಲಿ ಬೆಳಕಿಗೆ ಬಂದಿತು. ಅದರ ಮೇಲೆ ಹನ್ನೆರಡು ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳ ಭಾಗಗಳೂ, ಕಳಿಂಗಕ್ಕೆ ಮಾತ್ರ ಸೇರಿದವೆಂದು ಅದುವರೆಗೆ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ. ಹದಿಮೂರನೆಯದು ಅದರಲ್ಲಿ ಕಂಡುಬಂದಿಲ್ಲ. ಆದುದರಿಂದ ಪ್ರತ್ಯೇಕ ಶಾಸನಗಳನ್ನು ಕಳಿಂಗದ ಕಣ್ಣೊರಸುವ ಉಪಾಯವೆಂದಷ್ಟೇ ತಿಳಿಯುವುದು ಇನ್ನು ಸಾಧ್ಯವಿಲ್ಲ. ಅವು ಅಧಿಕಾರಿಗಳ ನಡತೆಯನ್ನು ತಿದ್ದಬೇಕಾದ ಬೇರೆ ಪ್ರಾಂತಗಳಿಗೂ ಹೋಗಿದ್ದುವು.

ಇಷ್ಟೆಲ್ಲವನ್ನೂ ಒಪ್ಪಿದ ಮೇಲೆಯೂ ಒಂದು ಆಕ್ಷೇಪ ಉಳಿಯುತ್ತದೆ. ಹದಿಮೂರನೆಯ ಶಾಸನದಲ್ಲಿ ಎರಡು ಅಂಶಗಳಿವೆ. ಒಂದು, ಸಾವುನೋವುಗಳ ಸುದ್ದಿ. ಎರಡು, ಅದನ್ನು ಮಾಡಿದವನ ಪಶ್ಚಾತ್ತಾಪ. ಸುದ್ದಿಯನ್ನು ಕಳಿಂಗದವರಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ಅದು ಅವರ ಮನೆಮನೆಯಲ್ಲಿ ಇದ್ದಿತು. ಅದನ್ನು ಬಿಟ್ಟುದು ಔಚಿತ್ಯವೇ ಸರಿ. ಆದರೆ ಪಶ್ಚಾತ್ತಾಪವು ಅವರಿಗೆ ತಿಳಿದಿರುವ ಸಂಗತಿಯಲ್ಲ, ಮತ್ತು ಅದು ಮೊದಲು ಸಲ್ಲಬೇಕಾದುದು ಅವರಿಗೆ. ಮಾಡಿದ ತಪ್ಪನ್ನು ಅದರಿಂದ ನೊಂದವನಿಗೆ ಹೇಳದೆ ಊರಿಗೆಲ್ಲ ಹೇಳಿದರೆ ಆ ತಪ್ಪೊಪ್ಪಿಗೆಯು ಅಷ್ಟರಮಟ್ಟಿಗೆ ಕೊರತೆಯುಳ್ಳದ್ದು. ಧೌಲಿಯ ಬಂಡೆಯು ಕಳಿಂಗದವರಿಗೆ ರಕ್ಷಣೆಯನ್ನು ಕೊಟ್ಟಿತು. ಅವರಿಗೆ ಸಲ್ಲಬೇಕಾಗಿದ್ದ ಆ ಒಂದು ಮಾತನ್ನು ಕೊಡಲಿಲ್ಲ.

ಇದರಿಂದ ನಮ್ಮ ಮೂಲಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ. ವಾಚಕನಿಗೆ ಈಗಾಗಲೇ ತಿಳಿದುದನ್ನೂ ಅವನಿಗೆ ಬೇಡವಾದುದನ್ನೂ ಬರಹಗಾರನು ಬಿಡಬಹುದು. ಭಾಷೆ, ಅಳತೆ, ಕ್ರಮ, ಬಿರುಸು ಇವೆಲ್ಲವನ್ನೂ ಬದಲಿಸಬಹುದು, ಬದಲಿಸಲೂ ಬೇಕು. ಆದರೆ ವಾಚಕನಿಗೆ ಸಲ್ಲಬೇಕಾದುದನ್ನು ಅವನ ಹಿತದ ಹೆಸರಿನಲ್ಲಿ ತಡೆಹಿಡಿಯುವ ಅಧಿಕಾರವು ಬರಹಗಾರನಿಗಿಲ್ಲ.

೪

ಈ ನಿಯಮವನ್ನು ಮುಂದಿನ ಕಾಲದ ಕನ್ನಡ ನಾಡಿನ ಶಾಸನಕಾರರು ಹೇಗೆ ನಡೆಸಿದರೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ತಾಮ್ರಶಾಸನಗಳಲ್ಲಿ ಅರಸನ ವಂಶಪ್ರಶಸ್ತಿಯು ಸಂಸ್ಕೃತದಲ್ಲಿಯೂ, ದಾನಕೊಟ್ಟ ಭೂಮಿಯ ಎಲ್ಲೆಗಳು ಕನ್ನಡದಲ್ಲಿಯೂ ಇರುವುದು ಗಂಗರ ಕಾಲದಿಂದಲೂ ಕಂಡುಬರುವ ರೂಢಿ. ಪ್ರಶಸ್ತಿಯ ವಾಚಕರು ವಿದ್ವಾಂಸರು ಮತ್ತು ಇತರ ರಾಜಾಸ್ಥಾನಗಳವರು. ಎಲ್ಲೆಯ ವಾಚಕರು ಆ ಹಳ್ಳ, ಆ ಹುತ್ತ, ಆ ಹುಣಿಸೆಯ ಮರವನ್ನು ಬಲ್ಲ ಊರಿನವರು. ನಾಳೆ ವ್ಯಾಜ್ಯವೆದ್ದರೆ ಸಾಕ್ಷಿ ನುಡಿಯಬೇಕಾದವರು. ಅವರಿಗೆ ಸಲ್ಲಬೇಕಾದುದನ್ನು ಅವರ ನುಡಿಯಲ್ಲಿಯೇ ಸಲ್ಲಿಸಲಾಗಿದೆ. ಪಟ್ಟದಕಲ್ಲಿನಲ್ಲಿ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ. ಶ. ೭೫೪ರ ಸ್ತಂಭಶಾಸನವು ಒಂದೇ ಸಂಸ್ಕೃತ ಪಾಠವನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿಯೂ ಈ ನಾಡಿನ ಲಿಪಿಯಲ್ಲಿಯೂ ಕೊಡುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿಯು ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಇದೆ. ಬೇರೆಬೇರೆ ನಾಡುಗಳಿಂದ ಬರುವ ಯಾತ್ರಿಕರನ್ನು ನೆನೆದು ಇದನ್ನು ಬರೆಸಿರಬೇಕೆಂದು ಊಹಿಸುವುದು ಸಹಜ. ಅಕ್ಷರ ಬೇರೆ, ಭಾಷೆ ಬೇರೆ, ಸಂಗತಿ ಒಂದೇ.

ಇವೆಲ್ಲಕ್ಕಿಂತ ಗಮನಾರ್ಹವಾದುದು ವಿಜಯನಗರದ ಒಂದನೆಯ ಬುಕ್ಕರಾಯನು ಕ್ರಿ. ಶ. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಎದ್ದ ವಿವಾದವನ್ನು ತೀರಿಸಿ ಬರೆಸಿದ ಶಾಸನ. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೂ ಸಲ್ಲುತ್ತದೆಂದು ನಿರ್ಣಯಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಅವರ ರಕ್ಷಣೆಯ ಹೊಣೆಯನ್ನು ಇವರಿಗೆ ಅರಸನು ಒಪ್ಪಿಸಿದನು. ಇಲ್ಲಿ ಅರಸನಿಗೆ ಎರಡು ಮಾತುಗಳನ್ನಾಡುವ ಅವಕಾಶ ಧಾರಾಳವಾಗಿ ಇದ್ದಿತು. ನಿಮ್ಮನ್ನು ಕಾಪಾಡಿದೆನೆಂದು ಜೈನರಿಗೆ ಒಂದು ಓಲೆ, ನಿಮ್ಮ ಹಿರಿಮೆಗೆ ಊನವಿಲ್ಲವೆಂದು ವೈಷ್ಣವರಿಗೆ ಇನ್ನೊಂದು ಓಲೆ ಕಳುಹಿಸಿದ್ದರೆ ಆ ಹೊತ್ತಿಗೆ ಇಬ್ಬರೂ ಸಂತೋಷಪಡುತ್ತಿದ್ದರು. ಬುಕ್ಕರಾಯನು ಹಾಗೆ ಮಾಡಲಿಲ್ಲ. ಎಲ್ಲರೂ ಬಲ್ಲ ಕನ್ನಡದಲ್ಲಿ ಒಂದೇ ಶಾಸನವನ್ನು ಬರೆಸಿ, ಅದನ್ನು ರಾಜ್ಯದ ಬಸದಿಗಳಲ್ಲಿ ಶ್ರೀವೈಷ್ಣವರೇ ನೆಡಿಸಬೇಕೆಂದು ಕಟ್ಟುಮಾಡಿದನು. ಶ್ರವಣಬೆಳಗೊಳದಲ್ಲಿರುವ ಈ ಶಾಸನದ ಇನ್ನೊಂದು ಪ್ರತಿಯು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ಒಬ್ಬನಿಗೆ ಬರೆದುದನ್ನು ಇನ್ನೊಬ್ಬನು ಓದಿದರೂ ಮಾತು ಕೆಡದಂತೆ ಬರೆಯುವುದು ಹೇಗೆಂಬುದಕ್ಕೆ ಇದೇ ಉತ್ತಮ ನಿದರ್ಶನ.

೫

ಈ ವಿಚಾರವು ಗತಕಾಲಕ್ಕೆ ಮಾತ್ರ ಸೇರಿದುದಲ್ಲ. ಇತಿಹಾಸವನ್ನು ಬರೆಯುವ ನಮಗೆ ನೇರವಾಗಿ ಸಂಬಂಧಿಸಿದುದು. ೧೮೮೬ರಿಂದ ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನದ ಪಾಠವನ್ನು ಕನ್ನಡ ಅಕ್ಷರಗಳಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಕೊಟ್ಟು ಇಂಗ್ಲಿಷ್ ಅನುವಾದವನ್ನೂ ಸೇರಿಸಿದರು. ಊರಿನ ವಿದ್ವಾಂಸನೂ ಪರದೇಶದ ಭಾಷಾಶಾಸ್ತ್ರಜ್ಞನೂ ಶಾಸನಭಾಷೆಯನ್ನರಿಯದ ಚರಿತ್ರಕಾರನೂ ಒಂದೇ ಕಲ್ಲನ್ನು ತಮ್ಮ ತಮ್ಮ ರೀತಿಯಲ್ಲಿ ಓದುವಂತಾಯಿತು. ಒಬ್ಬನಿಗೆ ಕೊಟ್ಟುದನ್ನು ಇನ್ನೊಬ್ಬನು ಪರೀಕ್ಷಿಸುವಂತೆಯೂ ಆಯಿತು.

ಇಂದು ಸಂಶೋಧಕನ ಮುಂದೆ ಇರುವ ವಾಚಕರು ಇನ್ನೂ ಹಲವು ಬಗೆ. ವಿದ್ವತ್ಪತ್ರಿಕೆಗೆ ಬರೆಯುವಾಗ ಪಾಠಾಂತರ, ಅಕ್ಷರದ ಮೋಡಿ, ತಿಥಿಯ ಗಣನೆ ಇವುಗಳ ಚರ್ಚೆ ಬೇಕು. ವಿದ್ಯಾರ್ಥಿಗಳ ಪಠ್ಯದಲ್ಲಿ ಅವುಗಳ ಫಲವಷ್ಟೇ ಸಾಕು. ಶಾಸನವಿರುವ ಊರಿನ ಜನರಿಗೆ ಹೇಳುವಾಗ, ತಮ್ಮ ಕೆರೆಯ ಏರಿಯ ಮೇಲಿನ ಕಲ್ಲು ಯಾರ ಹೆಸರನ್ನು ಹೇಳುತ್ತದೆ, ಯಾವ ಗದ್ದೆಯನ್ನು ಏತಕ್ಕಾಗಿ ಬಿಟ್ಟರು ಎಂಬುದು ತಿಳಿಯಾದ ಮಾತಿನಲ್ಲಿ ಬರಬೇಕು. ಇಷ್ಟರವರೆಗೆ ಔಚಿತ್ಯ. ಆದರೆ ಊರಿನ ಸಭೆಯಲ್ಲಿ ಈ ಕಲ್ಲು ನಾಡಿನಲ್ಲಿಯೇ ಅತ್ಯಂತ ಪ್ರಾಚೀನವಾದುದೆಂದು ಹೇಳಿ ಚಪ್ಪಾಳೆ ಪಡೆದು, ಪತ್ರಿಕೆಯಲ್ಲಿ ಇದರ ಕಾಲವು ಸಂದಿಗ್ಧವೆಂದು ಬರೆದರೆ, ಅದು ಔಚಿತ್ಯವಲ್ಲ. ಸಂದೇಹವೂ ಊರಿನವರಿಗೆ ಸಲ್ಲಬೇಕಾದ ಸಂಗತಿಯೇ. ಅವರ ಕಲ್ಲಿನ ವಿಷಯದಲ್ಲಿ ನಾವು ನಂಬಿರುವುದನ್ನು ದೂರದ ವಿದ್ವಾಂಸರಿಗೆ ಮಾತ್ರ ತಿಳಿಸಿ ಅವರಿಗೆ ತಿಳಿಸದಿರುವುದು, ಕಳಿಂಗದ ಮಾತನ್ನು ಕಂದಹಾರದಲ್ಲಿ ಮಾತ್ರ ಕೆತ್ತಿಸಿದಂತೆಯೇ ಸರಿ.

ಬರೆದು ಮುಗಿಸಿದ ಮೇಲೆ ಬೇರೆಬೇರೆ ವಾಚಕರಿಗಾಗಿ ಸಿದ್ಧಪಡಿಸಿದ ಪಾಠಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಭಾಷೆಯೂ ಪ್ರಮಾಣವೂ ಬೇರೆಯಾಗಿದ್ದರೆ ಚಿಂತೆಯಿಲ್ಲ. ನಿರ್ಣಯವೇ ಬೇರೆಯಾಗಿದ್ದರೆ, ಎರಡರಲ್ಲಿ ಒಂದನ್ನು ತಿದ್ದದೆ ಅಚ್ಚಿಗೆ ಕಳುಹಿಸಲಾಗದು.